ನೀರು ಕುಡಿಯದ ವಿನುತಾ

ಚಿಕ್ಕಪೇಟೆಯ ಆ ಸೀರೆ ಅಂಗಡಿಯಲ್ಲಿ ವಿನುತಾಗೆ ಒಂದು ದೊಡ್ಡ ಹೆಸರಿತ್ತು. ಕೂತ ಜಾಗ ಬಿಟ್ಟು ಏಳದವಳು ಅಂತ. ಬೆಳಿಗ್ಗೆ ಹತ್ತಕ್ಕೆ ಬಿಳಿ ಗಾದಿಯ ಮೇಲೆ ಕಾಲು ಮಡಚಿ ಕೂತರೆ, ಮಧ್ಯಾಹ್ನ ಗೋಡೌನಿನಲ್ಲಿ ಊಟದ ಡಬ್ಬಿ ಬಿಚ್ಚಲು ಒಂದು ಸಲ ಎದ್ದಾಳು, ಆಮೇಲೆ ರಾತ್ರಿ ಎಂಟೂವರೆಗೆ ಶಟರ್ ಎಳೆಯುವಾಗಲೇ. ಮದುವೆ ಜವಳಿಗೆ ಬಂದ ಹತ್ತು ಜನರ ಗುಂಪು ನೂರು ಸೀರೆ ಬಿಚ್ಚಿಸಿ, "ಇದ್ರಲ್ಲೇ ಬೇರೆ ಕಲರ್ ಇಲ್ವಾ?" ಅಂದರೂ ಅವಳ ಮುಖ ಗಂಟಾಗುತ್ತಿರಲಿಲ್ಲ. ಯಜಮಾನ ನಂಜಪ್ಪನವರು ಗಂಡು ಸೇಲ್ಸ್‌ಮನ್‌ಗಳನ್ನು ಬಯ್ಯುವಾಗಲೆಲ್ಲ ಅವಳನ್ನೇ ತೋರಿಸುತ್ತಿದ್ದರು. "ನಿಮ್ಗೆ ಗಂಟೆಗೊಂದ್ ಟೀ, ಗಂಟೆಗೊಂದ್ ಸಿಗರೇಟು. ಆ ಹೆಣ್ಮಗಳನ್ನ ನೋಡಿ ಕಲ್ತ್ಕೊಳ್ರಿ." ಆ ಹೆಣ್ಣುಮಗಳು ತಲೆ ತಗ್ಗಿಸಿ ಸೀರೆ ಮಡಚುತ್ತಿದ್ದಳು. ಒಳಗೊಳಗೇ ಹಿಗ್ಗುತ್ತಲೂ ಇದ್ದಳು. ಹೀಗೆ ಇಪ್ಪತ್ತೊಂದು ವರ್ಷ ನಡೆಯಿತು.

ಏಳದಿರುವುದರ ಗುಟ್ಟು ಬೇರೆಯೇ ಇತ್ತು. ಅದು ಹಳೇ ಪೇಟೆಯ ಹಳೇ ಕಟ್ಟಡ. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದ ಮೆಟ್ಟಿಲು. ಹನ್ನೆರಡು ಅಂಗಡಿಗೂ ಸೇರಿ ಮೂರನೇ ಮಹಡಿಯಲ್ಲಿ ಇದ್ದದ್ದು ಒಂದೇ ಕಕ್ಕಸು. ಬೀದಿಯವರು ನುಗ್ಗಬಾರದೆಂದು ಅದಕ್ಕೆ ಬೀಗ. ಒಂದೊಂದು ಅಂಗಡಿಗೂ ಒಂದೊಂದು ಬೀಗದ ಕೈ. ಇವರ ಅಂಗಡಿಯದು ನಂಜಪ್ಪನವರ ಗಲ್ಲಾದ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಯಾರೂ ಮರೆತು ಜೇಬಿಗೆ ಹಾಕಿಕೊಂಡು ಮನೆಗೆ ಒಯ್ಯದಿರಲಿ ಅಂತ ಅದಕ್ಕೊಂದು ಗೇಣುದ್ದದ ಮರದ ತುಂಡು ಕಟ್ಟಿದ್ದರು.

ಗಂಡಸರು ಅದರ ಗೊಡವೆಗೇ ಹೋಗುತ್ತಿರಲಿಲ್ಲ. ಮಾಮೂಲ್‌ಪೇಟೆಗೆ ತಿರುಗುವ ಮೂಲೆಯ ಒಂದು ಗೋಡೆ ಅವರಿಗೆ ಸಾಕಿತ್ತು. ಹೆಂಗಸಿಗೆ ಅವಸರವಾದರೆ ಗಾದಿಯಿಂದಿಳಿದು, ಗಿರಾಕಿಗಳನ್ನು ದಾಟಿ, ಗಲ್ಲಾದ ಮುಂದೆ ನಿಂತು "ಸಾರ್, ಕೀ" ಅನ್ನಬೇಕು. ಆ ಮರದ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಅಷ್ಟೂ ಅಂಗಡಿಯ ಗಂಡಸರ ಮುಂದೆ ಮೂರು ಮಹಡಿ ಹತ್ತಬೇಕು, ಮತ್ತೆ ಅದನ್ನು ಹಿಡಿದೇ ಇಳಿಯಬೇಕು. ಯಾರೂ ಏನೂ ಅನ್ನುವುದಿಲ್ಲ. ಆದರೆ ಹೋದದ್ದು ಎಲ್ಲರಿಗೂ ಗೊತ್ತಾಗುತ್ತದೆ, ಎಷ್ಟು ಹೊತ್ತು ಹಿಡಿಯಿತು ಅನ್ನುವುದೂ ಗೊತ್ತಾಗುತ್ತದೆ.

ವಿನುತಾ ಚಾಮರಾಜಪೇಟೆಯ ಸೊಪ್ಪಿನ ವ್ಯಾಪಾರಿಗಳ ಮನೆಯ ಹುಡುಗಿ. ಇಪ್ಪತ್ತು ತುಂಬಿದಾಗ ಕೆಲಸಕ್ಕೆ ಸೇರಿದಳು. ಆಗ ಅಂಗಡಿಯಲ್ಲಿ ಹಿರಿಯಳು ಅಂತ ಇದ್ದದ್ದು ಮುನಿಯಕ್ಕ. ರೇಷ್ಮೆಯ ಅಂಚನ್ನು ಮುಟ್ಟಿ ಬೆಲೆ ಹೇಳುವುದನ್ನು ಕಲಿಸುವುದಕ್ಕೂ ಮುಂಚೆ ಮುನಿಯಕ್ಕ ಕಲಿಸಿದ್ದು ಇದನ್ನು.

"ನೋಡೇ, ಬೆಳಿಗ್ಗೆ ಕಾಫಿ ಕುಡುದ್ಯಾ? ಅಷ್ಟೇ. ಮನೇಗ್ ಹೋಗೋವರ್ಗೂ ನೀರಿನ್ ಸುದ್ದಿಗೆ ಹೋಗ್ಬೇಡ. ಮಧ್ಯಾಹ್ನ ಅರ್ಧ ಹೊಟ್ಟೆ ಉಣ್ಣು. ಹೊಟ್ಟೆನೂ ನಾಯಿ ತರಾನೆ, ಕಲಿಸ್ದಂಗೆ ಕೇಳುತ್ತೆ."

ಮೊದಲ ಮೂರು ತಿಂಗಳು ತಲೆ ಸಿಡಿಯಿತು, ಉರಿಮೂತ್ರವಾಯಿತು. ಆಮೇಲೆ ಹೊಟ್ಟೆ ಮಾತು ಕೇಳತೊಡಗಿತು. ಮುನಿಯಕ್ಕ ಕೆಟ್ಟವಳಲ್ಲ. ಅವಳಿಗೆ ಅವಳ ಹಿರಿಯರು ಹೇಳಿಕೊಟ್ಟದ್ದು, ಅವಳು ಇವಳಿಗೆ ದಾಟಿಸಿದಳು.

ಮನೆಯಲ್ಲಾದರೂ ಸುಖವಿತ್ತೇ ಅಂದರೆ ಅದೂ ಇಲ್ಲ. ಮದುವೆಯಾಗಿ ಬಂದದ್ದು ಅದೇ ಚಾಮರಾಜಪೇಟೆಯ ವಠಾರಕ್ಕೆ. ಐದು ಮನೆಗೆ ಒಂದು ಕಕ್ಕಸು, ಅದರ ಮುಂದೆ ಬೆಳಿಗ್ಗೆ ಬಕೆಟ್ಟುಗಳ ಸಾಲು. ಗಂಡ ಹರಿಕೃಷ್ಣ ತರಕಾರಿ ಅಂಗಡಿಯವನು, ಒಳ್ಳೆಯವನೇ, ಬಾಯಿ ಮಾತ್ರ ಸ್ವಲ್ಪ ಉದ್ದ. ವಿನುತಾ ಒಳಗೆ ಹೋಗಿ ಐದು ನಿಮಿಷ ಮೀರಿದರೆ ಹೊರಗಿನಿಂದ ಅವನೇ ತಗಡಿನ ಬಾಗಿಲು ತಟ್ಟುತ್ತಿದ್ದ. "ಏನಮ್ಮಾ, ಒಳಗೇ ಸಂಸಾರ ಹೂಡ್ಬಿಟ್ಯಾ?" ಯಾರೋ ನಗುತ್ತಿದ್ದರು. ನಗು ಕೇಳಿದರೆ ಆಗುವುದೂ ಆಗುವುದಿಲ್ಲ. ಎದ್ದು ಬರುತ್ತಿದ್ದಳು. ದಿನಕ್ಕೊಮ್ಮೆ ಆಗುತ್ತಿದ್ದದ್ದು ಎರಡು ದಿನಕ್ಕೊಮ್ಮೆ ಆಯಿತು, ಮೂರಾಯಿತು, ನಾಲ್ಕಾಯಿತು. ಹಿತ್ತಲಲ್ಲಿ ನಿಂತು ಹರಳೆಣ್ಣೆ ನುಂಗಿ ಶನಿವಾರ ಕಳೆದರೆ ಭಾನುವಾರ ಒಂದು ದಿನ ಬಿಡುಗಡೆ. ಇದನ್ನು ಯಾರಿಗೆ ಹೇಳುವುದು? ಮಂಡಿನೋವು ಬಂದರೆ ಇಡೀ ವಠಾರಕ್ಕೆ ಹೇಳಿಕೊಳ್ಳಬಹುದು, ಹಲ್ಲುನೋವು ಬಂದರೆ ಗಿರಾಕಿಗಳಿಗೂ ಹೇಳಬಹುದು. ಇದನ್ನು ಹೆತ್ತ ತಾಯಿಗೂ ಹೇಳಲಿಲ್ಲ.

ಎರಡು ವರ್ಷದ ಹಿಂದೆ ವರಮಹಾಲಕ್ಷ್ಮಿ ಹಬ್ಬದ ವಾರ ಅದು ಮೊದಲ ಸಲ ಬಂತು. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಟ್ಟೆ ಕಟ್ಟಿ ಐದನೇ ದಿನ. ಒಬ್ಬಾಕೆಗೆ ಹಸಿರು ಸೀರೆಯ ಸೆರಗು ಹಿಡಿದು ತೋರಿಸುತ್ತಿದ್ದಾಗ ವಿನುತಾಗೆ ಹೊಟ್ಟೆಯೊಳಗೆ ಏನೋ ಬಿಗಿದಂತಾಯಿತು. ಆ ಬಿಗಿ ಮೇಲೇರಿತು. ಎದೆ ಡವಡವ ಬಡಿದುಕೊಂಡಿತು, ಬೆರಳುಗಳು ಜೋಮು ಹಿಡಿದವು, ಎಷ್ಟು ಎಳೆದರೂ ಉಸಿರು ಸಾಲದು. ಎದುರಿನವಳ ಬಾಯಿ ಆಡುತ್ತಿದೆ, ಮಾತು ಕೇಳಿಸುತ್ತಿಲ್ಲ. ನಾನು ಸತ್ತೆ, ಇಲ್ಲೇ ಈ ಸೀರೆಗಳ ಮೇಲೇ ಸತ್ತೆ ಅನ್ನುವುದೊಂದೇ ಅವಳಿಗೆ ಗೊತ್ತಿದ್ದದ್ದು. ಇಬ್ಬರು ಹುಡುಗರು ಕೈಹಿಡಿದು ಆಟೋಗೆ ಹಾಕಿದರು.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಹಾರ್ಟು ಚೆನ್ನಾಗಿದೆ, ಗ್ಯಾಸಿರಬೇಕು ಅಂದು ಒಂದು ಇಂಜೆಕ್ಷನ್ ಚುಚ್ಚಿ ಕಳಿಸಿದರು. ಹರಿಕೃಷ್ಣ ದಾರಿಯಲ್ಲೇ ಎಳನೀರು ಕುಡಿಸಿದ. ಮೂರು ವಾರಕ್ಕೆ ಮತ್ತೆ ಬಂತು. ಮತ್ತೆ ಇಸಿಜಿ, ಮತ್ತೆ ಚೆನ್ನಾಗಿದೆ. ವರ್ಷ ತುಂಬುವಷ್ಟರಲ್ಲಿ ಏಳು ಇಸಿಜಿ ಕಾಗದಗಳು ಪ್ಲಾಸ್ಟಿಕ್ ಕವರಿನಲ್ಲಿ ಸೇರಿಕೊಂಡವು. ಅತ್ತೆ ಸಪ್ಪಲಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಘಾಟು ಬರಲಿಲ್ಲ ಅಂದರೆ ದೃಷ್ಟಿಯೇ ಸರಿ ಅಂತ ತೀರ್ಮಾನಿಸಿದಳು. ಹರಿಕೃಷ್ಣ ಮೊದಮೊದಲು ಹೆದರಿದ, ಆಮೇಲೆ ಬೇಸತ್ತ, ಕೊನೆಗೆ ನಗತೊಡಗಿದ. "ಏಳ್ ಸಲ ನೋಡ್ಸಿದೀನಿ ಕಣೇ. ನಿನ್ ಹಾರ್ಟು ನನ್ ಹಾರ್ಟಿಗಿಂತ ಗಟ್ಟಿ." ಏಳು ಸಲ ಸತ್ತು ಬದುಕಿದವಳಿಗೆ ನಗು ಬರಲಿಲ್ಲ.

ಅಷ್ಟರಲ್ಲಿ ಅವಳು ತಾನೇ ಒಂದು ಲೆಕ್ಕ ಕಂಡುಕೊಂಡಿದ್ದಳು. ಹೊಟ್ಟೆ ಸಲೀಸಾದ ದಿನ ಅದು ಬಂದದ್ದೇ ಇಲ್ಲ. ನಾಲ್ಕು ದಿನ ದಾಟಿದರೆ ಬರುತ್ತದೆ. ಬಂದು ಹೋದ ಮೇಲೆ ಆ ಹೆದರಿಕೆಗೇ ಕರುಳು ಇನ್ನಷ್ಟು ಬಿಗಿದುಕೊಂಡು ಇನ್ನೆರಡು ದಿನ ಏನೂ ಇಲ್ಲ. ಅದರಿಂದ ಮತ್ತೊಂದು ಸಲ ಬರುತ್ತದೆ. ಎದೆಯದು ಹೊಟ್ಟೆಯನ್ನು ಕೆಡಿಸುತ್ತಿದೆಯೋ, ಹೊಟ್ಟೆಯದು ಎದೆಯನ್ನೋ, ಅದು ಅವಳಿಗೆ ತಿಳಿಯಲಿಲ್ಲ. ಎರಡೂ ಕೈ ಕೈ ಹಿಡಿದುಕೊಂಡಿವೆ ಅನ್ನುವುದು ತಿಳಿದಿತ್ತು. ತಿಂದರೆ ತಾನೇ ಈ ರಗಳೆ ಅಂತ ಊಟ ಇನ್ನೂ ಕಡಿಮೆ ಮಾಡಿದಳು.

ಕೊನೆಗೆ ಯಾರೋ ಹೇಳಿದರು ಅಂತ ಹರಿಕೃಷ್ಣ ಅವಳನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದ. ಆ ಡಾಕ್ಟರಮ್ಮ ನಗಲಿಲ್ಲ, ಗ್ಯಾಸು ಅನ್ನಲೂ ಇಲ್ಲ. ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅಂತಾರೆ, ಇದರಿಂದ ಯಾರೂ ಸಾಯೋದಿಲ್ಲ, ಆದರೆ ಸಾಯೋದಕ್ಕಿಂತ ಕಡಿಮೆ ಸಂಕಟವೂ ಅಲ್ಲ ಅಂದರು. ಇಷ್ಟು ಮಾತಿಗೇ ವಿನುತಾ ಗಳಗಳ ಅತ್ತುಬಿಟ್ಟಳು. ಡಾಕ್ಟರು ಅಳಲು ಬಿಟ್ಟು ಆಮೇಲೆ ಕೇಳಿದರು.

"ತಲೆಗೂ ಹೊಟ್ಟೆಗೂ ತುಂಬಾ ಹತ್ರದ ನಂಟು ಇದೆಯಮ್ಮ. ಒಂದು ಕೆಟ್ರೆ ಇನ್ನೊಂದು ಕೆಡುತ್ತೆ. ಅದಕ್ಕೆ ಕೇಳ್ತಿದೀನಿ. ನಿಮ್ಗೆ ಮೋಷನ್ ದಿನಾ ಸರಿಯಾಗಿ ಆಗುತ್ತಾ?"

ಅವಳು ಎರಡು ವರ್ಷದಿಂದ ಕಾಯುತ್ತಿದ್ದ ಪ್ರಶ್ನೆ ಅದು. ಆದರೆ ಪಕ್ಕದಲ್ಲಿ ಗಂಡ ಕೂತಿದ್ದ. ಡಾಕ್ಟರ ಹಿಂದೆ ಗಡ್ಡ ಚಿಗುರುತ್ತಿದ್ದ ಇಬ್ಬರು ಕಲಿಯುವ ಹುಡುಗರು ಪುಸ್ತಕ ಹಿಡಿದು ನಿಂತಿದ್ದರು. ಮುಂದಿನ ರೋಗಿ ಬಾಗಿಲು ತೆರೆದು ಅರ್ಧ ಒಳಗೇ ಬಂದಿದ್ದ.

"ಆಗುತ್ತೆ ಮೇಡಂ," ಅಂದಳು ವಿನುತಾ.

"ದಿನಾ? ಯಾಕಂದ್ರೆ ಈಗ ಬರ್ಕೊಡೋ ಮಾತ್ರೆ ಕೆಲವರಿಗೆ ಮಲಬದ್ಧತೆ ಮಾಡುತ್ತೆ. ಮೊದ್ಲೇ ಆ ತೊಂದ್ರೆ ಇದ್ರೆ ಬೇರೆ ಮಾತ್ರೆ ಕೊಡ್ತೀನಿ."

"ದಿನಾ ಆಗುತ್ತೆ."

"ಹೊಟ್ಟೆದೇನಿಲ್ಲ ಬಿಡಿ ಮೇಡಂ, ಎಲ್ಲಾ ತಲೇದೇ," ಅಂದ ಹರಿಕೃಷ್ಣ, ಸಹಾಯ ಮಾಡುವವನ ಹಾಗೆ.

ಈ ಕಥೆ ಹೇಳುತ್ತ ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅವಳ ಮೇಲಲ್ಲ. ದೇಹವೊಂದು ಇದ್ದ ಮೇಲೆ ಅದಕ್ಕೆ ಒಳಗೂ ಹೊರಗೂ ದಾರಿ ಇದ್ದೇ ಇರುತ್ತದೆ ಅನ್ನುವುದನ್ನು ಒಬ್ಬ ಹೆಂಗಸು ನಾಲ್ಕು ಜನರೆದುರು ಒಪ್ಪಿಕೊಳ್ಳಲಾರದ ಹಾಗೆ ಅವಳನ್ನು ಪಳಗಿಸಿದರಲ್ಲ, ಅವರ ಮೇಲೆ. ಅವರ್ಯಾರೂ ಕೆಟ್ಟವರಲ್ಲ ಅನ್ನುವುದು ಇನ್ನೂ ಸಿಟ್ಟು ತರಿಸುತ್ತದೆ.

ಡಾಕ್ಟರು ಮಾತ್ರೆ ಬರೆದುಕೊಟ್ಟರು. ಅಟ್ಯಾಕ್ ಬಂದಾಗ ನಾಲ್ಕು ಎಣಿಸುತ್ತ ಉಸಿರು ಎಳೆದು, ಆರು ಎಣಿಸುತ್ತ ಬಿಡುವುದನ್ನು ಕಲಿಸಿದರು. ಎರಡು ತಿಂಗಳು ಬಹಳ ಚೆನ್ನಾಗಿ ಹೋಯಿತು. ನಿದ್ದೆ ಬಂತು. ಬಂದ ಒಂದೆರಡು ಅಟ್ಯಾಕುಗಳನ್ನು ಎಣಿಸುತ್ತಲೇ ದಾಟಿಸಿದಳು. ಅಂಗಡಿಯಲ್ಲಿ ಎಲ್ಲರಿಗೂ ವಿಷಯ ತಿಳಿಯಿತು, ಎಲ್ಲರೂ ಒಳ್ಳೆಯವರಾದರು. ಅವಳ ಮುಖ ಬಿಳಿಚಿದರೆ ನಂಜಪ್ಪನವರು ಗಲ್ಲಾದಿಂದಲೇ ಕೂಗುತ್ತಿದ್ದರು. "ಹೆದ್ರಬೇಡಮ್ಮ, ಏನಿಲ್ಲ. ಉಸಿರು ಎಳ್ಕೊ. ಒಂದು, ಎರಡು..."

ಇದೇ ಹೊತ್ತಿಗೆ ತನುಶ್ರೀ ಕೆಲಸಕ್ಕೆ ಸೇರಿದಳು. ಇಪ್ಪತ್ತು ತುಂಬದ ಹುಡುಗಿ, ಮಾತಿನಲ್ಲಿ ಚುರುಕು, ಬ್ಯಾಗಿನಲ್ಲಿ ಒಂದು ಲೀಟರಿನ ನೀರಿನ ಬಾಟಲಿ. ದಿನಕ್ಕೆ ಮೂರು ಸಲ ಹೋಗಿ ಕೀ ಕೇಳುತ್ತಿದ್ದಳು. ನಾಲ್ಕನೇ ದಿನ ನಂಜಪ್ಪನವರು, "ಏನಮ್ಮಾ, ಈ ವಯಸ್ಸಿಗೇ ಶುಗರ್ರಾ?" ಅಂದರು. ಗಾದಿಯ ಮೇಲಿದ್ದವರೆಲ್ಲ ನಕ್ಕರು. ಹುಡುಗಿಯ ಕಣ್ಣಲ್ಲಿ ನೀರು ಬಂತು. ವಿನುತಾ ಅವಳನ್ನು ಗೋಡೌನಿಗೆ ಕರೆದುಕೊಂಡು ಹೋಗಿ, ಸೆರಗಿನಿಂದ ಅವಳ ಕಣ್ಣೊರೆಸಿ, ಪ್ರೀತಿಯಿಂದಲೇ ಹೇಳಿಕೊಟ್ಟಳು. ಬೆಳಿಗ್ಗೆ ಕುಡಿದ ಕಾಫಿಯೇ ಕೊನೆ. ಬಾಟಲಿ ಮನೆಯಲ್ಲಿಟ್ಟು ಬಾ. ಮೂರು ತಿಂಗಳು ಕಷ್ಟ, ಆಮೇಲೆ ಅಭ್ಯಾಸವಾಗುತ್ತೆ. ಇದನ್ನು ಹೇಳುವಾಗ ಅವಳ ಹೊಟ್ಟೆ ಕಟ್ಟಿ ಆರು ದಿನವಾಗಿತ್ತು.

ಡಾಕ್ಟರು ಎಚ್ಚರಿಸಿದ್ದಂತೆಯೇ ಮಾತ್ರೆ ಒಳಗೆ ತನ್ನ ಕೆಲಸ ಮಾಡುತ್ತಿತ್ತು. ಬಾಯಿ ಒಣಗುತ್ತಿತ್ತು, ಆದರೂ ನೀರು ಕುಡಿಯುವಂತಿಲ್ಲ. ಶನಿವಾರದ ಹರಳೆಣ್ಣೆಗೂ ಹೊಟ್ಟೆ ಜಗ್ಗಲಿಲ್ಲ, ಆರು ದಿನ ಎಂಟಾಯಿತು. ಹೊಟ್ಟೆ ಉಬ್ಬಿ ಸೀರೆಯ ನೆರಿಗೆ ನಿಲ್ಲದಾಯಿತು. ಗಿರಾಕಿಯೊಬ್ಬಳು ನಗುತ್ತ, "ಎಷ್ಟ್ ತಿಂಗಳು?" ಅಂತ ಕೇಳಿದಳು. ನಲವತ್ತೊಂದು ವರ್ಷದ ವಿನುತಾ, "ಐದು" ಅಂದುಬಿಟ್ಟಳು. ಅಟ್ಯಾಕುಗಳು ತಿರುಗಿ ಬಂದವು, ಈ ಸಲ ಒಂದೊಂದೂ ಹೊಟ್ಟೆಯಿಂದಲೇ ಶುರುವಾಗಿ. ಮತ್ತೆ ಡಾಕ್ಟರ ಹತ್ತಿರ ಹೋಗಬಹುದಿತ್ತು. ಹೋದರೆ ಅಂದು ಹೇಳಿದ್ದು ಸುಳ್ಳು ಅಂತ ಹೇಳಬೇಕಾಗುತ್ತದೆ. ಹಬ್ಬ ಮುಗಿಯಲಿ ಅಂದುಕೊಂಡಳು.

ಈ ವರ್ಷದ ವರಮಹಾಲಕ್ಷ್ಮಿಗೆ ಎರಡು ದಿನ ಮೊದಲು, ಬುಧವಾರ, ಬೆಳಿಗ್ಗೆ ಎದ್ದಾಗಲೇ ಹೊಟ್ಟೆಯ ಎಡಗಡೆ ತಿರುಚಿದಂಥ ನೋವು. ಇದು ಬೇರೆ ಥರ ಇದೆ ಅಂತ ಅವಳಿಗೆ ಅನ್ನಿಸಿತ್ತು. ಆದರೆ ಅನ್ನಿಸಿದ್ದನ್ನು ನಂಬುವುದನ್ನು ಅವಳು ಬಿಟ್ಟು ಬಹಳ ದಿನವಾಗಿತ್ತು. ಸಾಯುತ್ತೇನೆ ಅನ್ನಿಸಿದಾಗಲೆಲ್ಲ ಬದುಕಿದ್ದಳಲ್ಲ. ಎಲ್ಲಾ ಭಯ, ಎಣಿಸಿದರೆ ಹೋಗುತ್ತೆ ಅಂದುಕೊಂಡು ಅಂಗಡಿಗೆ ಹೋದಳು.

ಹನ್ನೊಂದು ಗಂಟೆಗೆ ಬೆವರು ಇಳಿಯಿತು. ನಾಲ್ಕು ಎಣಿಸಿ ಎಳೆದಳು, ಆರು ಎಣಿಸಿ ಬಿಟ್ಟಳು, ಸೀರೆ ಬಿಚ್ಚಿ ತೋರಿಸಿದಳು. ಮಧ್ಯಾಹ್ನ ಡಬ್ಬಿ ಬಿಚ್ಚಲಿಲ್ಲ. ಎರಡು ಗಂಟೆಗೆ ನೋವಿಗೆ ಕಣ್ಣು ಕತ್ತಲಿಟ್ಟು ಬಟ್ಟೆಯ ಗಂಟಿಗೆ ಒರಗಿದಾಗ ನಂಜಪ್ಪನವರು ಬಂದು, "ಮಾತ್ರೆ ತಗೊಂಡ್ಯಾ? ಇನ್ನೊಂದ್ ತಗೋ" ಅಂದರು. ತಗೊಂಡಳು. ತನುಶ್ರೀ ಬೆನ್ನು ನೀವುತ್ತ ಜೊತೆಯಲ್ಲೇ ಎಣಿಸಿದಳು. ಇಡೀ ಅಂಗಡಿ ಅವಳನ್ನು ಪ್ರೀತಿಯಿಂದ ನೋಡಿಕೊಂಡಿತು, ಆಸ್ಪತ್ರೆಗೆ ಕರೆದೊಯ್ಯುವ ಯೋಚನೆ ಮಾತ್ರ ಯಾರಿಗೂ ಬರಲಿಲ್ಲ. ಐದು ಗಂಟೆಗೆ ಅವಳು ಗಾದಿಯ ಮೇಲೆ ಹಸಿರು ವಾಂತಿ ಮಾಡಿಕೊಂಡು ಪಕ್ಕಕ್ಕೆ ಬಿದ್ದಳು.

ತುರ್ತು ಚಿಕಿತ್ಸೆಯ ಕೋಣೆಗೆ ಹರಿಕೃಷ್ಣ ಓಡಿ ಬಂದ, ಕೈಯಲ್ಲಿ ಅದೇ ಪ್ಲಾಸ್ಟಿಕ್ ಕವರು. "ಪ್ಯಾನಿಕ್ ಅಟ್ಯಾಕ್ ಸಾರ್, ಎರಡ್ ವರ್ಷದಿಂದ ಇದೆ. ಹಾರ್ಟಿಗೇನಿಲ್ಲ, ಎಲ್ಲಾ ಇಸಿಜಿ ಇಲ್ಲಿದೆ ನೋಡಿ." ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಕವರು ಪಕ್ಕಕ್ಕಿಟ್ಟು ಅವಳ ಹೊಟ್ಟೆಯ ಮೇಲೆ ಕೈಯಿಟ್ಟರು. ಮುಟ್ಟಿದರೆ ಹಲಗೆಯ ಹಾಗಿತ್ತು.

"ಮೋಷನ್ ಆಗಿ ಎಷ್ಟ್ ದಿನ ಆಯ್ತು?"

"ದಿನಾ ಆಗುತ್ತೆ ಸಾರ್," ಅಂದ ಹರಿಕೃಷ್ಣ.

"ಹನ್ನೊಂದು ದಿನ," ಅಂದಳು ವಿನುತಾ.

ಹರಿಕೃಷ್ಣ ಅವಳ ಮುಖ ನೋಡಿದ. ಸುತ್ತ ನರ್ಸುಗಳಿದ್ದರು, ವಾರ್ಡ್ ಬಾಯ್ ಇದ್ದ, ಪಕ್ಕದ ಮಂಚದಲ್ಲಿ ತಲೆ ಒಡೆದುಕೊಂಡ ಯಾರೋ ಗಂಡಸು ಇದ್ದ. ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ದಿನಾ ಆಗಲ್ಲ ಡಾಕ್ಟ್ರೇ. ಇಪ್ಪತ್ತ್ ವರ್ಷದಿಂದ ಆಗಲ್ಲ. ಹಿಡ್ಕೋತೀನಿ. ನೀರ್ ಕುಡಿಯಲ್ಲ." ಅಷ್ಟು ಹೇಳಿದ್ದಕ್ಕೇ ಡಾಕ್ಟರು ಎಕ್ಸ್‌ರೇಗೆ ಕಾಯದೆ ಸರ್ಜನ್‌ಗೆ ಫೋನ್ ಮಾಡಿದರು.

ದೊಡ್ಡ ಕರುಳು ತುಂಬಿ, ಭಾರಕ್ಕೆ ತಿರುಚಿಕೊಂಡು, ರಕ್ತ ಹರಿಯದೆ ಒಂದು ಭಾಗ ಕಪ್ಪಾಗಿತ್ತು. ಅದನ್ನು ಕತ್ತರಿಸಿ ತೆಗೆದರು. ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಎಡಗಡೆಗೆ ತಂದು, ಅಲ್ಲೊಂದು ತೂತು ಮಾಡಿ, ಅದಕ್ಕೆ ಚೀಲ ಕಟ್ಟಿದರು. ಬೆಳಿಗ್ಗೆಯೇ ಬಂದಿದ್ದರೆ ಕತ್ತರಿಸದೆಯೂ ಬಿಡಿಸಬಹುದಿತ್ತೇನೋ ಅಂದರು ಸರ್ಜನ್. ಮತ್ತೆ ಜೋಡಿಸಲು ಆಗುತ್ತದೆಯೋ ಇಲ್ಲವೋ ಆರು ತಿಂಗಳು ಬಿಟ್ಟು ನೋಡೋಣ ಅಂದರು.

ನಾಲ್ಕನೇ ದಿನ ಹರಿಕೃಷ್ಣ ಮಂಚದ ಪಕ್ಕ ಕೂತು ಕೇಳಿದ. "ನಂಗ್ಯಾಕೆ ಹೇಳ್ಲಿಲ್ಲ ನೀನು?"

"ನೀವು ನಗ್ತಿದ್ರಿ," ಅಂದಳು.

ಅವನು ಎದ್ದು ವರಾಂಡಕ್ಕೆ ಹೋದ. ಅಲ್ಲಿ ನಿಂತು ಅಳುತ್ತಿದ್ದದ್ದು ಒಳಗೆ ಕೇಳಿಸುತ್ತಿತ್ತು. ವಿನುತಾಗೆ ಅಯ್ಯೋ ಅನ್ನಿಸಿತು, ಕರೆಯಬೇಕು ಅಂತ ಮಾತ್ರ ಅನ್ನಿಸಲಿಲ್ಲ.

ಹತ್ತನೇ ದಿನ ಬೆಳಿಗ್ಗೆ ತನುಶ್ರೀ ಅಂಗಡಿಗೆ ಹೋಗುವ ದಾರಿಯಲ್ಲಿ ನೋಡಲು ಬಂದಳು. ನಂಜಪ್ಪನವರು ಹಣ್ಣಿನ ಬುಟ್ಟಿ ಕಳಿಸಿದ್ದರು, ನಿಧಾನವಾಗಿ ಸುಧಾರಿಸಿಕೊಳ್ಳಲಿ ಅಂದಿದ್ದರು. ಹುಡುಗಿಯ ಕೆನ್ನೆ ಒಳಗೆ ಹೋಗಿತ್ತು, ತುಟಿ ಒಡೆದಿತ್ತು. ಹಬ್ಬದ ವ್ಯಾಪಾರ ಹೇಗಾಯಿತು, ಯಾರು ಬಂದರು, ಯಾರು ಬೈದರು ಎಲ್ಲಾ ಹೇಳಿದಳು. ಆಮೇಲೆ ಒಂದು ಖುಷಿಯ ಸುದ್ದಿ ಇದೆ ಅನ್ನುವ ಹಾಗೆ ಹೇಳಿದಳು.

"ನಿಮ್ ಜಾಗದಲ್ಲಿ ನನ್ನೇ ಕೂರ್ಸಿದಾರೆ ಅಕ್ಕ. ನೀವ್ ಹೇಳ್ಕೊಟ್ಟಂಗೇ ಮಾಡ್ತಿದೀನಿ. ಈಗ ನಂಗೆ ಇಡೀ ದಿನ ಕೀ ಬೇಕಾಗೋದೇ ಇಲ್ಲ ಗೊತ್ತಾ? ಮೊನ್ನೆ ಸಾರ್ ಎಲ್ಲರ ಮುಂದೆ, 'ಇವ್ಳೂ ವಿನುತಾ ತರಾನೇ' ಅಂದ್ರು. ಒಂದೊಂದ್ ಸಲ ಎದೆ ಡವಡವ ಅನ್ನುತ್ತೆ ಅಷ್ಟೇ. ಎಣಿಸ್ಕೋತೀನಿ."

ವಿನುತಾ ದಿಂಬಿಗೆ ಒರಗಿ ಕೂತಳು. ಹೊದಿಕೆಯನ್ನು ಸರಿಸಿದಳು. ಆಸ್ಪತ್ರೆಯ ಅಂಗಿಯನ್ನು ಮೇಲಕ್ಕೆತ್ತಿದಳು. ವಾರ್ಡಿನಲ್ಲಿ ಎಂಟು ಮಂಚಗಳಿದ್ದವು, ಎಲ್ಲದರ ಸುತ್ತ ಜನ ಕೂತಿದ್ದರು. ಅವಳು ಯಾರ ಕಡೆಗೂ ನೋಡಲಿಲ್ಲ.

"ಇಲ್ಲಿ ನೋಡು," ಅಂದಳು.

ತನುಶ್ರೀ ನೋಡಿದಳು, ತಕ್ಷಣ ಮುಖ ತಿರುಗಿಸಿದಳು.

"ತಿರುಗ್ಬೇಡ. ನೋಡು ಅಂದ್ನಲ್ಲ. ನಾನ್ ನಿಂಗೆ ಕಲ್ಸಿದ್ದು ಇದನ್ನೇ."

ಹುಡುಗಿ ಚೀಲವನ್ನು ನೋಡುತ್ತ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತಳು. ವಿನುತಾ ಅಂಗಿ ಇಳಿಸಿ, ಮಂಚದ ಪಕ್ಕದ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ ಅವಳ ಕೈಗೆ ಕೊಟ್ಟಳು. "ಕುಡಿ. ನನ್ ಕಣ್ಮುಂದೆ ಕುಡಿ."

ತನುಶ್ರೀ ಕುಡಿಯತೊಡಗಿದಳು. ಬಹಳ ಬಾಯಾರಿದ್ದಳು, ಗಂಟಲಿನಿಂದ ಗಟಗಟ ಸದ್ದು ಬರುತ್ತಿತ್ತು. ಕಾಲು ಬಾಟಲಿ ಮುಗಿಯುವಷ್ಟರಲ್ಲಿ ಅವಳ ಕಣ್ಣು ಗೋಡೆಯ ಗಡಿಯಾರದ ಕಡೆ ಹೋಯಿತು. ಒಂಬತ್ತೂವರೆ ಆಗಿತ್ತು. ಬಾಟಲಿಯನ್ನು ಬಾಯಿಂದ ತೆಗೆದು, ದುಪಟ್ಟಾದಿಂದ ತುಟಿ ಒರೆಸಿಕೊಂಡು, ಮುಚ್ಚಳ ಹಾಕಿ ವಿನುತಾಳ ಕೈಗೆ ವಾಪಸ್ ಕೊಟ್ಟಳು.

"ಸಾಕು ಅಕ್ಕ," ಅಂದಳು. "ಅಂಗ್ಡಿಗ್ ಹೋಗ್ಬೇಕಲ್ಲ."